ದಡದಲ್ಲಿ ಬಿದ್ದಿರುವ ಬಿಲ್ಲೆ

ಮೊದಲೇ ಹೇಳಿಬಿಡುತ್ತೇನೆ, ಬಹಳ ಹಿಂದೆ ಸಮುದ್ರದಲ್ಲಿದ್ದ ಮೀನಿನಾಕಾರದ ಸರೀಸೃಪ ಇಕ್ತಿಯೋಸಾರ್ ಡೈನೋಸಾರ್ ಅಲ್ಲ. ಅದೇ ಥರ ಸಮುದ್ರದಲ್ಲಿದ್ದ ಪ್ಲೀಸಿಯೋಸಾರ್ ಕೂಡ ಡೈನೋಸಾರ್ ಅಲ್ಲ. ಹಳೆಯ ಕಾಲದ್ದು, ದೊಡ್ಡದು, ಬಾಯಿ ತುಂಬ ಹಲ್ಲು ಅಂದರೆ ಸಾಕು, ಎಲ್ಲವನ್ನೂ ಒಂದೇ ಮೂಟೆಗೆ ತುಂಬಿ ಡೈನೋಸಾರ್ ಅಂತ ಚೀಟಿ ಅಂಟಿಸಿಬಿಡುತ್ತಾರೆ. ತಿಮಿಂಗಿಲವನ್ನು ಮೀನು ಅಂದ ಹಾಗಾಯಿತು. ಇವು ಸರೀಸೃಪಗಳ ಬೇರೆಯೇ ಕವಲುಗಳು. ನೆಲ ಬಿಟ್ಟು ವಾಪಸ್ ಸಮುದ್ರಕ್ಕೆ ಹೋದವು. ಇಕ್ತಿಯೋಸಾರ್ ಅಂತೂ ಮೊಟ್ಟೆ ಇಡಲು ದಡಕ್ಕೂ ಬರುತ್ತಿರಲಿಲ್ಲ, ನೀರಿನಲ್ಲೇ ಮರಿ ಹಾಕುತ್ತಿತ್ತು. ಹೊಟ್ಟೆಯಲ್ಲಿ ಮರಿ ಇದ್ದ ಹಾಗೇ ಕಲ್ಲಾದ ತಾಯಿಗಳು ಸಿಕ್ಕಿವೆ.

ಇರಲಿ. ನಾನು ಹೇಳಲು ಹೊರಟಿದ್ದು ಒಂದು ಬಿಲ್ಲೆಯ ವಿಷಯ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಡಾರ್ಸೆಟ್ ಇದೆ. ಅಲ್ಲಿನ ಲೈಮ್ ರೀಜಿಸ್, ಚಾರ್ಮತ್ ಊರುಗಳ ಪಕ್ಕ ಸಮುದ್ರಕ್ಕೆ ಮುಖ ಮಾಡಿ ಬೂದು ಬಣ್ಣದ ಕಡಿದಾದ ಗುಡ್ಡಗಳು ನಿಂತಿವೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಅದೆಲ್ಲ ಸಮುದ್ರದ ತಳದ ಕೆಸರು. ಚಳಿಗಾಲದ ಮಳೆ, ಬಿರುಗಾಳಿಗೆ ಗುಡ್ಡ ಕುಸಿಯುತ್ತದೆ. ಅಲೆಗಳು ಜೇಡಿಯನ್ನು ತೊಳೆದು ಗಟ್ಟಿ ಇರುವುದನ್ನು ಮಾತ್ರ ದಡದಲ್ಲಿ ಬಿಡುತ್ತವೆ. ಪಳೆಯುಳಿಕೆ ಹುಡುಕುವುದು ಅಂದರೆ ಗುದ್ದಲಿ ಹಿಡಿದು ಅಗೆಯುವುದು ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಇಲ್ಲಿ ಅಗೆಯುವ ಕೆಲಸ ಸಮುದ್ರದ್ದು. ಹವ್ಯಾಸಿಯ ಕೆಲಸ ಇಳಿತದ ಹೊತ್ತು ನೋಡಿಕೊಂಡು, ಬಗ್ಗಿ, ನಿಧಾನವಾಗಿ ನಡೆಯುವುದು. ಗುಡ್ಡದ ಬುಡಕ್ಕೆ ಹೋಗಿ ಸುತ್ತಿಗೆ ಹಾಕಿದರೆ ತಲೆ ಮೇಲೇ ಬಂದೀತು.

ಹಾಗೆ ನಡೆಯುವಾಗ ಕಣ್ಣಿಗೆ ಬೀಳುವುದು ಇಡೀ ಪ್ರಾಣಿ ಅಲ್ಲ. ಕೇರಂ ಸ್ಟ್ರೈಕರ್ ಗಾತ್ರದ ಒಂದು ಕಪ್ಪು ಬಿಲ್ಲೆ. ದಡದ ತುಂಬ ದುಂಡಗಿನ ಕಲ್ಲುಗಳೇ ಅಲ್ವಾ, ಇದು ಮೂಳೆ ಅಂತ ಹೇಗೆ ಗೊತ್ತಾಗಬೇಕು? ಕೈಗೆತ್ತಿಕೊಳ್ಳಿ. ಎರಡೂ ಮುಖ ತಟ್ಟೆಯ ಹಾಗೆ ಒಳಕ್ಕೆ ತಗ್ಗಿವೆ. ಅಡ್ಡಕ್ಕೆ ಸೀಳಿದರೆ ಥೇಟ್ ಡಮರುಗ. ಅಂಚು ಒಡೆದ ಕಡೆ ನೋಡಿ, ಸ್ಪಂಜಿನಂಥ ಸಣ್ಣ ಸಣ್ಣ ತೂತು. ಕಲ್ಲಿಗೆ ಆ ನೇಯ್ಗೆ ಬರುವುದಿಲ್ಲ. ಇದು ಇಕ್ತಿಯೋಸಾರ್ ಬೆನ್ನುಮೂಳೆಯ ಒಂದು ಮಣಿ.

ಮಜಾ ಶುರುವಾಗುವುದೇ ಇಲ್ಲಿಂದ. ಮಣಿಯ ನೆತ್ತಿಯ ಮೇಲೆ ಒಂದು ಸಣ್ಣ ಕಾಲುವೆ, ಮಿದುಳುಬಳ್ಳಿ ಹಾದುಹೋಗುತ್ತಿದ್ದ ದಾರಿ. ಪಕ್ಕಗಳಲ್ಲಿ ಪಕ್ಕೆಲುಬು ಕೂರುತ್ತಿದ್ದ ಗುಬುಟುಗಳು. ಕುತ್ತಿಗೆಯ ಹತ್ತಿರದ ಮಣಿಯಾದರೆ ಒಂದೊಂದು ಪಕ್ಕಕ್ಕೆ ಎರಡು ಗುಬುಟು, ಮೇಲಿನದು ನೆತ್ತಿಗೆ ಅಂಟಿಕೊಂಡಂತೆ ಇರುತ್ತದೆ. ಹಿಂದಕ್ಕೆ ಹೋದಂತೆ ಎರಡೂ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತವೆ. ಬಾಲಕ್ಕೆ ಬರುವ ಹೊತ್ತಿಗೆ ಸೇರಿ ಒಂದೇ ಆಗುತ್ತವೆ. ಟಿಕೆಟ್ ಮೇಲಿನ ಸೀಟ್ ನಂಬರ್ ನೋಡಿ ಬೋಗಿಯಲ್ಲಿ ಎಲ್ಲಿ ಕೂತಿದ್ದಿರಿ ಅಂತ ಹೇಳಿದ ಹಾಗೆ, ಬಿಡಿ ಮಣಿ ನೋಡಿ ಅದು ಮೈಯಲ್ಲಿ ಎಲ್ಲಿತ್ತು ಅಂತ ಹೇಳಬಹುದು.

ಇನ್ನೂ ಒಂದಿದೆ. ಕೆಲವು ಮಣಿಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಬಾಗಿಲಿಗೆ ಇಡುವ ಬೆಣೆಯಂತೆ. ನಾಲ್ಕಾರು ಬೆಣೆಗಳನ್ನು ಸಾಲಾಗಿ ಜೋಡಿಸಿ, ಸಾಲು ತಾನಾಗಿಯೇ ಬಾಗುತ್ತದೆ. ಕಮಾನು ಕಟ್ಟುವವರಿಗೆ ಈ ಗುಟ್ಟು ಗೊತ್ತು. ಇಕ್ತಿಯೋಸಾರ್ ಬಾಲ ಕೆಳಕ್ಕೆ ಬಾಗಿದ್ದು ಹೀಗೆ. 1838ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವೆನ್ ಈ ಬಾಗು ನೋಡಿ, ಸತ್ತ ಮೇಲೆ ಬಾಲದ ಈಜುರೆಕ್ಕೆಯ ಭಾರಕ್ಕೆ ಮೂಳೆ ಜಾರಿದೆ ಅಂದ. ಅಲ್ಲಿ ರೆಕ್ಕೆ ಇತ್ತು ಅಂತ ಊಹಿಸಿದ್ದು ಭೇಷ್. ಬಾಗು ಹುಟ್ಟಿನಿಂದಲೇ ಇತ್ತು ಅನ್ನುವುದು ಹೊಳೆಯಲಿಲ್ಲ. 1890ರ ದಶಕದಲ್ಲಿ ಜರ್ಮನಿಯ ಹೋಲ್ಟ್ಸ್‌ಮಾಡೆನ್‌ನಲ್ಲಿ ಚರ್ಮದ ಗುರುತಿನ ಸಮೇತ ಇಕ್ತಿಯೋಸಾರ್ ಸಿಕ್ಕಾಗ ಸಂಶಯ ಕಳೆಯಿತು. ಶಾರ್ಕಿನ ಬೆನ್ನೆಲುಬು ಬಾಲದ ಮೇಲಿನ ಭಾಗಕ್ಕೆ ಹತ್ತುತ್ತದೆ, ಇದರದ್ದು ಕೆಳಗಿನ ಭಾಗಕ್ಕೆ ಇಳಿಯುತ್ತದೆ. ಡೈನೋಸಾರ್ ಅನ್ನುವ ಗುಂಪಿಗೆ 1842ರಲ್ಲಿ ಹೆಸರಿಟ್ಟವನೂ ಇದೇ ಓವೆನ್.

ಆ ಹೆಸರು ಹುಟ್ಟುವ ಮೂವತ್ತು ವರ್ಷ ಮೊದಲೇ ಲೈಮ್ ರೀಜಿಸ್‌ನಲ್ಲಿ ಮೇರಿ ಆನಿಂಗ್ ಅನ್ನುವ ಹುಡುಗಿ ಪಳೆಯುಳಿಕೆ ಹುಡುಕುವ ಕೆಲಸ ಶುರು ಮಾಡಿದ್ದಳು. 1811ರಲ್ಲಿ ಅಣ್ಣ ಜೋಸೆಫ್‌ಗೆ ಇಕ್ತಿಯೋಸಾರ್ ತಲೆಬುರುಡೆ ಸಿಕ್ಕಿತು, ಮರುವರ್ಷ ಮೈ ಹುಡುಕಿದವಳು ಇವಳು. ಆಗ ಅವಳಿಗೆ ಹನ್ನೆರಡೋ ಹದಿಮೂರೋ ವರ್ಷ. ಜನ ಅದನ್ನು ಮೊಸಳೆ ಅಂದರು. ಅತ್ತ ಯಾರ್ಕ್‌ಶೈರಿನ ವಿಟ್ಬಿಯಲ್ಲಿ ಅಮೋನೈಟ್ ಅನ್ನುವ ಸಮುದ್ರಜೀವಿಯ ಕಲ್ಲಾದ ಸುರುಳಿ ಚಿಪ್ಪುಗಳನ್ನು ಸಂತ ಹಿಲ್ಡಾ ಕಲ್ಲಾಗಿಸಿದ ಹಾವು ಅಂತ ನಂಬಿದ್ದರು. ಹಾವಿಗೆ ತಲೆ ಎಲ್ಲಿ ಅಂತ ಯಾರಾದರೂ ಕೇಳಿಯಾರೆಂದು ಮಾರುವವರೇ ತಲೆ ಕೆತ್ತಿ ಕೂರಿಸುತ್ತಿದ್ದರು! ಮೇರಿ ಮಾತ್ರ ಸುಮ್ನೆ ಮೀನು ಕೊಯ್ದು ಮೂಳೆ ಹೋಲಿಸಿ ನೋಡುತ್ತಿದ್ದಳು. 1833ರಲ್ಲಿ ಗುಡ್ಡ ಕುಸಿದು ಅವಳ ನಾಯಿ ಟ್ರೇ ಕಣ್ಣೆದುರೇ ಸತ್ತಿತು. ಅವಳು ಕೂದಲೆಳೆಯಲ್ಲಿ ಪಾರಾದಳು.

ದಡದ ಮೇಲಿನದನ್ನು ಎತ್ತಿಕೊಂಡರೆ ಪ್ರಕೃತಿ ಹಾಳಾಗುತ್ತದೆ ಅನ್ನುವವರಿದ್ದಾರೆ. ಬೇರೆ ಕಡೆ ಇರಬಹುದು. ಇಲ್ಲಿ ಎತ್ತದೆ ಬಿಟ್ಟರೆ ಅಲೆಗಳ ಹೊಡೆತಕ್ಕೆ ಅದು ಕೊನೆಗೆ ಮರಳಾಗುತ್ತದೆ. ಹಾಗಾಗಿ ವೆಸ್ಟ್ ಡಾರ್ಸೆಟ್‌ನಲ್ಲಿ ಹವ್ಯಾಸಿಗಳಿಗೆ ಒಂದು ನಿಯಮಾವಳಿ ಮಾಡಿದ್ದಾರೆ. ಬಿದ್ದದ್ದನ್ನು ಆರಿಸಿ, ಗುಡ್ಡ ಅಗೆಯಬೇಡಿ, ಮುಖ್ಯವಾದದ್ದು ಸಿಕ್ಕರೆ ದಾಖಲಿಸಿ.

ದಾಖಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಪಕ್ಕದ ಸಾಮರ್ಸೆಟ್ ನೋಡಿ. 2016ರಲ್ಲಿ ಒಬ್ಬ ಹವ್ಯಾಸಿಗೆ ಲಿಲ್‌ಸ್ಟಾಕ್ ದಡದಲ್ಲಿ ವಿಚಿತ್ರ ದವಡೆ ತುಂಡುಗಳು ಸಿಕ್ಕವು. 2020ರಲ್ಲಿ ಬ್ಲೂ ಆಂಕರ್‌ನಲ್ಲಿ ಒಬ್ಬ ಅಪ್ಪ, ಅವರ ಹನ್ನೊಂದು ವರ್ಷದ ಮಗಳಿಗೆ ಅದೇ ಥರದ ಮೂಳೆ ಸಿಕ್ಕಿತು. ಚೂರು ಚೂರು ಜೋಡಿಸಿದರೆ ದವಡೆಯ ಒಂದೇ ಮೂಳೆ ಎರಡು ಮೀಟರಿಗೂ ಉದ್ದ! 2024ರಲ್ಲಿ ಅದಕ್ಕೆ ಇಕ್ತಿಯೋಟೈಟಾನ್ ಸೆವರ್ನೆನ್ಸಿಸ್ ಅಂತ ಹೆಸರಿಟ್ಟರು. ಮೈ ಉದ್ದ ಸುಮಾರು 25 ಮೀಟರ್ ಇದ್ದಿರಬೇಕು ಅನ್ನುವುದು ಅಂದಾಜು. ದವಡೆ ಹಿಡಿದು, ನೆಂಟ ಪ್ರಾಣಿಗಳ ಅಳತೆ ನೋಡಿ ಹಾಕಿದ ಲೆಕ್ಕ ಅದು. ಅದರ ಬೆನ್ನಿನ ಬಿಲ್ಲೆ ಒಂದು ಸಿಕ್ಕಿದರೆ ಲೆಕ್ಕ ಎಷ್ಟೋ ಗಟ್ಟಿಯಾಗುತ್ತಿತ್ತು. ಕೇರಂ ಸ್ಟ್ರೈಕರ್ ಗಾತ್ರದ್ದಂತೂ ಆಗಿರಲಾರದು.