ಸ್ಟೀಮ್ ಮತ್ತು ಹೈವ್ ಖಾತೆಯ ಮರುಪಡೆಯುವಿಕೆ: ಎರಡು ಕಡೆ ಬರುವ 30 ದಿನಗಳು

ಸ್ಟೀಮ್ ಎಂಬುದು ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳಲ್ಲಿ ಹಂಚಿಟ್ಟ ದಾಖಲೆ) ಆಧಾರಿತ ಸಾಮಾಜಿಕ ಜಾಲ; ಅದು 2016ರಲ್ಲಿ ಆರಂಭವಾಯಿತು. ಹೈವ್ 2020ರ ಮಾರ್ಚ್‌ನಲ್ಲಿ ಅದರಿಂದ ಕವಲೊಡೆಯಿತು. ಎರಡರಲ್ಲೂ ಪ್ರತಿ ಖಾತೆಗೆ ಓನರ್, ಆಕ್ಟಿವ್, ಪೋಸ್ಟಿಂಗ್, ಮೆಮೊ ಎಂಬ ನಾಲ್ಕು ಕೀಗಳಿರುತ್ತವೆ, ಅಂದರೆ ಪಾಸ್‌ವರ್ಡಿನಂತೆ ಬಳಸುವ ಗುಪ್ತ ಸಂಕೇತಗಳು. ಉಳಿದ ಮೂರನ್ನೂ ಬದಲಿಸುವ ಅಧಿಕಾರ ಓನರ್ ಕೀಗಿದೆ.

ಮರುಪಡೆಯುವಿಕೆ ಎಂದರೆ ಮರೆತ ಪಾಸ್‌ವರ್ಡನ್ನು ಮತ್ತೆ ಪಡೆಯುವುದು ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಆದರೆ ಈ ವ್ಯವಸ್ಥೆ ಇರುವುದು ಕೀ ಕಳೆದುಕೊಂಡವರಿಗಾಗಿ ಅಲ್ಲ, ಕೀ ಕಳವಾದವರಿಗಾಗಿ. ಕಳ್ಳನು ಓನರ್ ಕೀಯನ್ನು ಬದಲಿಸಿದ ಮೇಲೆ, ಹಳೆಯ ಕೀ ಇನ್ನೂ ನಮ್ಮ ಬಳಿ ಇದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ಮೊದಲಿಗೆ ನಮ್ಮ ರಿಕವರಿ ಖಾತೆಯು (ಮರುಪಡೆಯಲು ನೆರವಾಗಲೆಂದು ಗೊತ್ತಾಗಿರುವ ಬೇರೆಯವರ ಖಾತೆ) ಹೊಸ ಓನರ್ ಕೀಯನ್ನು ಸೂಚಿಸಿ ಕೋರಿಕೆ ಸಲ್ಲಿಸುತ್ತದೆ. ನಂತರ 24 ಗಂಟೆಗಳೊಳಗೆ ನಾವು ಹಳೆಯ ಮತ್ತು ಹೊಸ ಓನರ್ ಕೀಗಳೆರಡರಿಂದಲೂ ಸಹಿ ಮಾಡಿ ಅದನ್ನು ದೃಢೀಕರಿಸಬೇಕು. ಕಳ್ಳನಿಗೆ ರಿಕವರಿ ಖಾತೆಯ ಒಪ್ಪಿಗೆ ಸಿಗುವುದಿಲ್ಲ. ರಿಕವರಿ ಖಾತೆಯ ಬಳಿ ನಮ್ಮ ಹಳೆಯ ಕೀ ಇರುವುದಿಲ್ಲ. ಆದ್ದರಿಂದ ಇಬ್ಬರಲ್ಲಿ ಯಾರೂ ಒಬ್ಬರೇ ನಮ್ಮ ಖಾತೆಯನ್ನು ಈ ದಾರಿಯಲ್ಲಿ ವಶಪಡಿಸಿಕೊಳ್ಳಲಾರರು. ಈ ವಿನ್ಯಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಅಂಶ ಇದೇ.

ನನ್ನನ್ನು ತಡೆದು ನಿಲ್ಲಿಸಿದ್ದು ಅವಧಿಯ ಲೆಕ್ಕ. ಓನರ್ ಕೀ ಬದಲಾದ ಮೇಲೆ ಹಳೆಯ ಕೀಗೆ 30 ದಿನಗಳವರೆಗೆ ಮಾತ್ರ ಗುರುತಾಗಿ ಮಾನ್ಯತೆಯಿದೆ. ರಿಕವರಿ ಖಾತೆಯನ್ನು ಬದಲಿಸಲು ಕೋರಿದರೆ ಆ ಬದಲಾವಣೆ ಜಾರಿಗೆ ಬರುವುದಕ್ಕೂ 30 ದಿನಗಳೇ ಬೇಕು. ಒಂದೇ ಸಂಖ್ಯೆ ಎರಡು ಕಡೆ ಬಂದಿರುವುದು ಆಕಸ್ಮಿಕವೆಂದು ತಿಳಿದು ನಾನು ಮೊದಲು ಮುಂದೆ ಸಾಗಿಬಿಟ್ಟಿದ್ದೆ. ಹಾಗಲ್ಲವೆಂದು ಆಮೇಲೆ ಅನ್ನಿಸಿತು. ಕಳ್ಳನು ಇವತ್ತು ಓನರ್ ಕೀಯನ್ನು ಬದಲಿಸಿ, ಅದೇ ಗಳಿಗೆಯಲ್ಲಿ ರಿಕವರಿ ಖಾತೆಯ ಜಾಗಕ್ಕೆ ತನ್ನ ಖಾತೆಯನ್ನು ಸೇರಿಸಲು ಕೋರುತ್ತಾನೆ ಎಂದುಕೊಳ್ಳಿ. ಅವನ ಖಾತೆ ಆ ಸ್ಥಾನಕ್ಕೆ ಬರುವವರೆಗೂ ನಮ್ಮ ಹಳೆಯ ಕೀಯ ಮಾನ್ಯತೆ ಉಳಿದಿರುತ್ತದೆ. ಹಳೆಯ ರಿಕವರಿ ಖಾತೆಯೂ ಅಲ್ಲಿಯವರೆಗೆ ಬದಲಾಗಿರುವುದಿಲ್ಲ. ಆದರೆ ಕಳ್ಳನು ಕೀಯನ್ನು ಮುಟ್ಟದೆ ಮೊದಲು ರಿಕವರಿ ಖಾತೆಯನ್ನಷ್ಟೇ ಬದಲಿಸಲು ಕೋರಿ, 30 ದಿನ ಸುಮ್ಮನಿದ್ದು, ಆಮೇಲೆ ಕೀಯನ್ನು ಬದಲಿಸಿದರೆ ಈ ರಕ್ಷಣೆ ಉಳಿಯುವುದಿಲ್ಲ. ಅಂತಹ ಕೋರಿಕೆ ಬ್ಲಾಕ್‌ಚೈನ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಅವಧಿ ಮುಗಿಯುವ ಮೊದಲು ಈಗಿನ ರಿಕವರಿ ಖಾತೆಯ ಹೆಸರನ್ನೇ ಮತ್ತೆ ಸೂಚಿಸಿ ಅದನ್ನು ರದ್ದುಪಡಿಸಬಹುದು.

ಮರುಪಡೆದ ಕೂಡಲೇ ಆಕ್ಟಿವ್ ಮತ್ತು ಪೋಸ್ಟಿಂಗ್ ಕೀಗಳನ್ನೂ ಬದಲಿಸಬೇಕು, ಏಕೆಂದರೆ ಈ ಕ್ರಿಯೆ ಓನರ್ ಕೀಯನ್ನು ಮಾತ್ರ ಸರಿಪಡಿಸುತ್ತದೆ. ಈಗಾಗಲೇ ಬೇರೆಡೆಗೆ ವರ್ಗಾವಣೆಯಾದ ಟೋಕನ್‌ಗಳು (ಖಾತೆಯಲ್ಲಿದ್ದ ಡಿಜಿಟಲ್ ಹಣ) ಹಿಂತಿರುಗುವುದಿಲ್ಲ.

ಫಾರ್‌ಕಾಸ್ಟರ್ ಎಂಬ ಇನ್ನೊಂದು ವಿಕೇಂದ್ರೀಕೃತ ಸಾಮಾಜಿಕ ಜಾಲದ ದಾರಿ ಬೇರೆ. ಅಲ್ಲಿ ನಾವು ಗೊತ್ತುಮಾಡಿದ ರಿಕವರಿ ವಿಳಾಸವು (ಬ್ಲಾಕ್‌ಚೈನ್‌ನಲ್ಲಿ ಖಾತೆ ಸಂಖ್ಯೆಯಂತಹದು) ನಮ್ಮ ಸಹಿಯಿಲ್ಲದೆಯೇ ಖಾತೆಯ ಗುರುತನ್ನು ಹೊಸ ವಿಳಾಸಕ್ಕೆ ವರ್ಗಾಯಿಸಬಲ್ಲದು. ಕೀ ಕಳೆದುಕೊಂಡವರಿಗೂ ಅಲ್ಲಿ ದಾರಿಯಿದೆ, ಆದರೆ ಆ ವಿಳಾಸ ಯಾರ ಕೈಯಲ್ಲಿದೆಯೋ ಅವರನ್ನು ಪೂರ್ತಿಯಾಗಿ ನಂಬಬೇಕಾಗುತ್ತದೆ.

ವಿಕೇಂದ್ರೀಕರಣದ ಪ್ರಶ್ನೆಯನ್ನು ನಾನು ಇಲ್ಲಿಂದಲೇ ನೋಡತೊಡಗಿದೆ. ಸ್ಟೀಮ್‌ನಲ್ಲಿ ಖಾತೆಯನ್ನು ಸೃಷ್ಟಿಸಿಕೊಟ್ಟ ಖಾತೆಯೇ ಸಾಮಾನ್ಯವಾಗಿ ಅದರ ರಿಕವರಿ ಖಾತೆಯಾಗುತ್ತದೆ. ಒಂದೇ ಕಂಪನಿ ಅಪಾರ ಸಂಖ್ಯೆಯ ಖಾತೆಗಳನ್ನು ಸೃಷ್ಟಿಸಿದಾಗ, ಚೈನ್ ಹಲವರ ಕೈಯಲ್ಲಿದ್ದರೂ ಮರುಪಡೆಯುವಿಕೆಗೆ ಎಲ್ಲರೂ ಒಂದೇ ಬಾಗಿಲನ್ನು ತಟ್ಟಬೇಕಾಗುತ್ತದೆ. ಆ ಕಂಪನಿ ಸೇವೆಯನ್ನು ನಿಲ್ಲಿಸಿದರೆ ಹಳೆಯ ಕೀ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಆದ್ದರಿಂದ ನೇರವಾಗಿ ಸಂಪರ್ಕಿಸಬಲ್ಲ, ತನ್ನ ಕೀಗಳನ್ನು ಜೋಪಾನವಾಗಿಟ್ಟುಕೊಳ್ಳುವ ಪರಿಚಿತರೊಬ್ಬರ ಖಾತೆಯನ್ನು ಆ ಸ್ಥಾನಕ್ಕೆ ತರಲು ಕಳವಾಗುವ ಮೊದಲೇ ಕೋರಬೇಕು. ಆ ಬದಲಾವಣೆಗೂ 30 ದಿನ ಕಾಯಬೇಕು.