ಕೇರ್ನ್ಸ್‌ಗೆ ಅಪ್ಪ-ಅಮ್ಮನ ಜೊತೆ ಹೋಗುತ್ತಿದ್ದೇವೆ, ಹವಳ ನೋಡಲು ಯಾವ ದೋಣಿ ಹತ್ತಬೇಕು?

ಪ್ರಶ್ನೆ: ನಾವು ಮೆಲ್ಬರ್ನ್‌ನಲ್ಲಿದ್ದೇವೆ. ಜುಲೈನಲ್ಲಿ ಶಾಲೆಗೆ ರಜೆ ಇರುವಾಗ ಶಿವಮೊಗ್ಗದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 67, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ. ಅಮ್ಮನಿಗೆ 62, ಈಜು ಬರುವುದಿಲ್ಲ. ಮಗಳಿಗೆ ಒಂಬತ್ತು ವರ್ಷ. ಕೇರ್ನ್ಸ್‌ನಲ್ಲಿ ನಾಲ್ಕು ದಿನ ಇರುತ್ತೇವೆ, ಒಂದು ದಿನ ಗ್ರೇಟ್ ಬ್ಯಾರಿಯರ್ ರೀಫ್‌ಗೆ. ಎಷ್ಟೊಂದು ಕಂಪನಿಗಳು, ಎಲ್ಲರೂ ತಮ್ಮದೇ ಬೆಸ್ಟ್ ಅನ್ನುತ್ತಾರೆ. ಯಾವುದಕ್ಕೆ ಬುಕ್ ಮಾಡೋದು? ಹವಳವೆಲ್ಲ ಸತ್ತುಹೋಗಿದೆ ಅಂತಲೂ ಓದಿದೆ. ಅಷ್ಟು ದುಡ್ಡು ಹಾಕಿ ಹೋಗುವುದು ದಂಡವೇ?

ದಂಡವಲ್ಲ, ಖಂಡಿತ ಹೋಗಿ. ನಿಮ್ಮ ಮನೆಯವರಿಗೆ ಹೊರ ರೀಫ್‌ನಲ್ಲಿ, ಅಂದರೆ ದಡದಿಂದ ದೂರದ ಹವಳದ ದಿಬ್ಬಗಳಲ್ಲಿ, ಪೊಂಟೂನ್ (ತೇಲುವ ಜಗಲಿ) ಇರುವ ದೊಡ್ಡ ದೋಣಿಯೇ ಸರಿ. ಕೇರ್ನ್ಸ್‌ಗೆ ಬಂದ ಮಾರನೆಯ ದಿನಕ್ಕೆ ಬುಕ್ ಮಾಡಿ, ಕೊನೆಯ ದಿನಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ. ಯಾಕೆ ಅಂತ ಹೇಳುತ್ತೇನೆ. ನಾನು ಮೊದಲ ಸಲ ನನ್ನ ಅಮ್ಮನನ್ನು ಕರೆದುಕೊಂಡು ಹೋದಾಗ ಇದನ್ನೆಲ್ಲ ಯಾರೂ ಹೇಳಿರಲಿಲ್ಲ.

ಆಗ ನಾನು ನೋಡಿದ್ದು ಎರಡೇ: ಟಿಕೆಟ್ ಬೆಲೆ, ಫೋಟೊ. ಚಿಕ್ಕ ದೋಣಿ, ಹೊರ ರೀಫ್‌ನ ಎರಡು ಜಾಗ, ಊಟ ಸೇರಿ ಒಳ್ಳೆ ದರ. ಅವತ್ತು ಗಾಳಿ ಇತ್ತು. ದಡ ಬಿಟ್ಟು ಅರ್ಧ ಗಂಟೆಗೆ ಅಮ್ಮ ಮಾತು ನಿಲ್ಲಿಸಿದಳು, ಮುಕ್ಕಾಲು ಗಂಟೆಗೆ ಕಾಗದದ ಚೀಲ ಕೈಗೆ ಬಂತು. ರೀಫ್ ತಲುಪಿದ ಮೇಲೆ ದೋಣಿ ಲಂಗರು ಹಾಕಿ ನಿಂತಿತು, ಆದರೆ ಓಲಾಡುವುದು ನಿಲ್ಲಲಿಲ್ಲ. ಉಳಿದವರೆಲ್ಲ ನೀರಿಗೆ ಧುಮುಕಿದರು. ಅಮ್ಮ ಸಂಜೆ ನಾಲ್ಕೂವರೆವರೆಗೆ ಅದೇ ಬೆಂಚಿನ ಮೇಲೆ ಟವೆಲ್ ಹೊದ್ದು ಕೂತಿದ್ದಳು. ದೋಣಿಯವರದೇನೂ ತಪ್ಪಿರಲಿಲ್ಲ, ಪಾಪ, ನಿಂಬೆರಸ, ಶುಂಠಿ ಮಾತ್ರೆ ಎಲ್ಲ ತಂದುಕೊಟ್ಟರು. ಈಜು ಬರುವ ಗಟ್ಟಿ ಜೀವಗಳಿಗೆ ಮಾಡಿದ ದೋಣಿಗೆ ನಾನು ಅಮ್ಮನನ್ನು ಹತ್ತಿಸಿದ್ದೆ. ಅವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಗುಂಪಿನಲ್ಲಿ ನೀರಿಗೆ ಅತಿ ಹೆಚ್ಚು ಹೆದರುವವರು ಯಾರು, ಅವರು ಅಲ್ಲಿ ನಾಲ್ಕು ಗಂಟೆ ಏನು ಮಾಡುತ್ತಾರೆ?

ಮೊದಲು ಊರಿನ ವಿಚಾರ ತಿಳಿದುಕೊಳ್ಳಿ. ಹೋಟೆಲಿನಿಂದ ನಡೆದುಕೊಂಡು ಹೋಗಿ ಹವಳ ನೋಡಬಹುದು ಅಂದುಕೊಂಡು ಬರುವವರಿದ್ದಾರೆ. ಕೇರ್ನ್ಸ್ ದಡದಲ್ಲಿ ಹವಳ ಇಲ್ಲ. ಇಳಿತದ ಹೊತ್ತಿಗೆ ಅಲ್ಲಿ ಕಾಣುವುದು ಬರೀ ಕೆಸರು ಮತ್ತು ಹಕ್ಕಿಗಳು. ಅಲ್ಲಿ ಮೊಸಳೆ ಇರುವುದರಿಂದ ಕಾಲಿಡುವಂತೆಯೂ ಇಲ್ಲ. ಹವಳ ಇರುವುದು ಕಡಲಿನೊಳಗೆ. ಗ್ರೇಟ್ ಬ್ಯಾರಿಯರ್ ರೀಫ್ ಅಂದರೆ ಒಂದೇ ಗೋಡೆಯಲ್ಲ. 2,300 ಕಿ.ಮೀ. ಉದ್ದಕ್ಕೆ ಹರಡಿಕೊಂಡ ಸುಮಾರು 3,000 ಬಿಡಿಬಿಡಿ ದಿಬ್ಬಗಳು. ಕೇರ್ನ್ಸ್‌ನ ದೋಣಿಗಳು ಹೋಗುವುದು ಅದರಲ್ಲಿ ಬೆರಳೆಣಿಕೆಯಷ್ಟಕ್ಕೆ: ಮೂರ್, ನಾರ್ಮನ್, ಸ್ಯಾಕ್ಸನ್, ಹೇಸ್ಟಿಂಗ್ಸ್, ಮೈಕಲ್‌ಮಸ್ ಹೀಗೆ. ಇವಕ್ಕೆ ಒಂದೂವರೆ ಗಂಟೆ ಆಚೀಚೆ. ಇದಲ್ಲದೆ ಹತ್ತಿರದಲ್ಲೇ, ಮುಕ್ಕಾಲು ಗಂಟೆ ದೂರದಲ್ಲಿ ಎರಡು ದ್ವೀಪಗಳಿವೆ. ಒಂದು ಗ್ರೀನ್ ಐಲ್ಯಾಂಡ್, ಹವಳದ ಮರಳಿನಿಂದಲೇ ಎದ್ದದ್ದು. ಇನ್ನೊಂದು ಫಿಟ್ಜ್‌ರಾಯ್, ಕಲ್ಲುಗುಡ್ಡದ ದ್ವೀಪ.

ಹೊರ ರೀಫ್‌ನಲ್ಲಿ ಹವಳವೂ ಮೀನೂ ಹೆಚ್ಚು, ನೀರೂ ತಿಳಿ. ಆದರೆ ಕಾಲೂರಲು ನೆಲ ಇಲ್ಲ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಬಂದವರಿಗೆ ಇದು ಗೊತ್ತಿರುತ್ತದೆ, ದೋಣಿಯಿಂದ ಸೀದಾ ಆಳಕ್ಕೇ ಇಳಿಯಬೇಕು. ಪೊಂಟೂನ್ ಬೇಕಾಗುವುದು ಇಲ್ಲಿಯೇ. ರೀಫ್‌ನ ಪಕ್ಕದಲ್ಲಿ ಕಾಯಂ ಆಗಿ ಲಂಗರು ಹಾಕಿದ ದೊಡ್ಡ ತೇಲುವ ಜಗಲಿ ಅದು. ಮೇಲೆ ನೆರಳು, ಊಟದ ಮೇಜು, ಶೌಚಾಲಯ. ನೀರಿಗೆ ಇಳಿಯಲು ಕಂಬಿ ಹಿಡಿದುಕೊಂಡು ಹೋಗುವ ಮೆಟ್ಟಿಲು, ಅದರ ಕೆಳಗೆ ಸೊಂಟದ ಮಟ್ಟಕ್ಕೆ ನೀರು ಬರುವಂತೆ ಒಂದು ಜಾಲರಿ ಕಟ್ಟೆ. ಅಲ್ಲೇ ಕೂತು ಮುಖ ಮುಳುಗಿಸಿ ನೋಡಬಹುದು. ನೀರಿಗೆ ಇಳಿಯದೇ ಇರುವವರಿಗೆ ಗಾಜಿನ ತಳದ ದೋಣಿ, ಅರ್ಧ ಮುಳುಗಿ ಸಾಗುವ ಸಬ್‌ಮರ್ಸಿಬಲ್. ನಿಮ್ಮ ಅಮ್ಮ ಸೀರೆಯ ನೆರಿಗೆಯನ್ನೂ ಒದ್ದೆ ಮಾಡಿಕೊಳ್ಳದೆ ಹವಳ ನೋಡಿ ಬರಬಹುದು. ಜನಜಾತ್ರೆ ಇರುತ್ತದೆ, ನಿಜ. ಟಿಕೆಟ್ಟೂ ದುಬಾರಿ. ನೀವಿಬ್ಬರೇ ಹೋಗುವುದಾಗಿದ್ದರೆ ನಾನು ಚಿಕ್ಕ ದೋಣಿಯನ್ನೇ ಹೇಳುತ್ತಿದ್ದೆ, ಎರಡು ಮೂರು ಜಾಗ ನೋಡಲು ಸಿಗುತ್ತದೆ, ಗದ್ದಲ ಕಡಿಮೆ.

ಪೋರ್ಟ್ ಡಗ್ಲಸ್‌ನಿಂದಲೂ ಆಜಿನ್‌ಕೋರ್ಟ್ ರೀಫ್‌ಗೆ ಪೊಂಟೂನ್ ದೋಣಿ ಇದೆ. ಚೆನ್ನಾದ ಜಾಗ. ಆದರೆ ನೀವು ಕೇರ್ನ್ಸ್‌ನಲ್ಲಿ ಉಳಿದುಕೊಂಡರೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ರಸ್ತೆ ಪ್ರಯಾಣ ಸೇರುತ್ತದೆ. ವಯಸ್ಸಾದವರಿಗೆ ಅದು ಬೇಡ.

ಇನ್ನು ಗಾಳಿ. ನಮ್ಮೂರಿನಲ್ಲಿ ಆಷಾಢದ ಗಾಳಿ ಬೀಸುವ ಹೊತ್ತಿಗೆ ಅಲ್ಲೂ ಗಾಳಿಯ ಕಾಲ. ಮಳೆ ಕಡಿಮೆ, ಆಕಾಶ ನೀಲಿ, ಆದರೆ ಆಗ್ನೇಯ ದಿಕ್ಕಿನಿಂದ ಗಾಳಿ ಒಂದೇ ಸಮನೆ ಬೀಸುತ್ತಿರುತ್ತದೆ. ಬಿಸಿಲು ಹೇಗಿದೆ ಅಂತ ನೋಡಿ ದಿನ ಆರಿಸಿದರೆ ಮೋಸ ಹೋಗುತ್ತೀರಿ. ನೋಡಬೇಕಾದದ್ದು ಹವಾಮಾನ ಇಲಾಖೆಯ ಕೇರ್ನ್ಸ್ ಕರಾವಳಿ ಮುನ್ಸೂಚನೆಯಲ್ಲಿ ಗಾಳಿ ಎಷ್ಟು ನಾಟ್ ಅನ್ನುವುದು. ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ. ನನ್ನ ಅನುಭವದಲ್ಲಿ 10ರಿಂದ 15 ಇದ್ದರೆ ಆರಾಮ. 20 ದಾಟಿದರೆ ಹೊಟ್ಟೆ ತೊಳಸುವವರು ಶುರುವಾಗುತ್ತಾರೆ. 25 ಅಂತಿದ್ದರೆ ದೋಣಿ ಹೊರಟರೂ ನೀವು ಹೋಗಬೇಡಿ. ಮೊದಲ ದಿನಗಳಿಗೇ ಬುಕ್ ಮಾಡಿ ಅಂದದ್ದು ಇದಕ್ಕೇ, ಗಾಳಿ ಕೆಟ್ಟರೆ ಮುಂದೆ ತಳ್ಳಲು ದಿನ ಉಳಿದಿರುತ್ತದೆ. ದಿನ ಬದಲಾಯಿಸಲು ಎಷ್ಟು ಗಂಟೆ ಮುಂಚೆ ಹೇಳಬೇಕು ಅನ್ನುವುದನ್ನು ಟಿಕೆಟ್ ಕೊಳ್ಳುವಾಗಲೇ ಕೇಳಿ.

ನಾಲ್ಕೂ ದಿನ ಗಾಳಿ ಬಿಡದಿದ್ದರೆ ಫಿಟ್ಜ್‌ರಾಯ್‌ಗೆ ಹೋಗಿ. ದೋಣಿ ನಿಲ್ಲುವ ವೆಲ್ಕಮ್ ಬೇ ಗಾಳಿಗೆ ಬೆನ್ನು ಕೊಟ್ಟ ಬದಿಯಲ್ಲಿದೆ, ದಡದಿಂದಲೇ ನಡೆದು ನೀರಿಗಿಳಿಯಬಹುದು. ದಡದಲ್ಲಿ ಮೆತ್ತಗಿನ ಮರಳಲ್ಲ, ಹವಳದ ಚೂರುಗಳು. ಬರಿಗಾಲಿಗೆ ಚುಚ್ಚುತ್ತವೆ, ನೀರಿನ ಚಪ್ಪಲಿ ಬೇಕೇ ಬೇಕು.

ಈಗ ಮುಖ್ಯವಾದದ್ದು, ನಿಮ್ಮ ಅಪ್ಪನ ಬಿ.ಪಿ. ದೋಣಿ ಹತ್ತಿದ ಮೇಲೆ ಒಂದು ಆರೋಗ್ಯದ ಫಾರಂ ಕೊಡುತ್ತಾರೆ. ಹೃದಯ, ಬಿ.ಪಿ., ಆಸ್ತಮಾ, ಸಕ್ಕರೆ ಕಾಯಿಲೆ ಎಲ್ಲ ಕೇಳಿರುತ್ತಾರೆ. "ಹೌದು ಅಂತ ಬರೆದರೆ ಬಿಡೋದಿಲ್ಲವೇನೋ" ಅಂತ ನಮ್ಮವರು ಎಲ್ಲದಕ್ಕೂ ಇಲ್ಲ ಅಂತ ಗುರುತು ಹಾಕುವುದನ್ನು ಕಣ್ಣಾರೆ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ಸ್ನಾರ್ಕ್ಲಿಂಗ್ (ಮಾಸ್ಕ್, ಉಸಿರಿನ ನಳಿಗೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವುದು) ಮಾಡುವಾಗ ಪ್ರಾಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಹೃದಯದ ತೊಂದರೆ ಇದ್ದ ಹಿರಿಯರು. ಶಾರ್ಕ್ ಅಲ್ಲ, ಜೆಲ್ಲಿಫಿಶ್ ಅಲ್ಲ. ತಣ್ಣೀರು, ಗಾಬರಿ, ಅಭ್ಯಾಸವಿಲ್ಲದ ಕೈಕಾಲು ಬಡಿತ, ಇವೆಲ್ಲ ಸೇರಿ ಎದೆಯ ಮೇಲೆ ಭಾರ ಹಾಕುತ್ತವೆ. ಮುಖ ಕೆಳಗೆ ಮಾಡಿ ತೇಲುತ್ತಿರುವವರಿಗೆ ಕಷ್ಟವಾದರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ, ಸದ್ದೇ ಇರುವುದಿಲ್ಲ. ಕೇರ್ನ್ಸ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಇದಕ್ಕಾಗಿ 2011ರ ಕಾನೂನೇ ಇದೆ. ಬಿ.ಪಿ. ಇದೆ ಅಂತ ಹೇಳಿದರೆ ತೇಲಲು ಟ್ಯೂಬೋ ಜಾಕೆಟ್ಟೋ ಕೊಡುತ್ತಾರೆ, ದೂರದಿಂದ ಗುರುತು ಸಿಗುವ ಬಣ್ಣದ್ದೇನಾದರೂ ತೊಡಿಸುತ್ತಾರೆ, ಜೊತೆಗಾರರಿಲ್ಲದೆ ಬಿಡುವುದಿಲ್ಲ, ಕಾವಲಿನವರು ಅವರ ಮೇಲೊಂದು ಕಣ್ಣಿಟ್ಟಿರುತ್ತಾರೆ. ಹೇಳಿಕೊಂಡರೆ ಇಷ್ಟು ಅನುಕೂಲ. ಅಪ್ಪ ಶಿವಮೊಗ್ಗ ಬಿಡುವ ಮುಂಚೆಯೇ ತಮ್ಮ ಡಾಕ್ಟರನ್ನು ಕೇಳಲಿ: ಸ್ನಾರ್ಕ್ಲಿಂಗ್ ಮಾಡಬಹುದೇ, ಬಿ.ಪಿ. ಮಾತ್ರೆಯ ಜೊತೆ ವಾಂತಿ ಮಾತ್ರೆ ತೆಗೆದುಕೊಳ್ಳಬಹುದೇ. ಬೇಡ ಅಂದರೆ ಗಾಜಿನ ತಳದ ದೋಣಿ ಇದೆ.

ವಾಂತಿ ಮಾತ್ರೆಯನ್ನು ದೋಣಿ ಹೊರಡುವ ಮುಂಚೆಯೇ ನುಂಗಬೇಕು, ತಲೆ ಸುತ್ತಲು ಶುರುವಾದ ಮೇಲೆ ಉಪಯೋಗವಿಲ್ಲ. ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯುವ ಹೋಟೆಲ್ ತಿಂಡಿಯೂ ಬೇಡ. ಕೆಳ ಅಂತಸ್ತಿನಲ್ಲಿ ನಡುವಿಗೆ ಅಥವಾ ಹಿಂದಕ್ಕೆ ಕೂರಿ, ಫೋನ್ ಒಳಗಿಟ್ಟು ದೂರದ ದಿಗಂತ ನೋಡಿ.

ಕೇರ್ನ್ಸ್ ತಲುಪಿದ ದಿನ ಸಂಜೆ ಎಲ್ಲರೂ ಎಸ್ಪ್ಲನೇಡ್‌ನ ಲಗೂನ್‌ಗೆ ಹೋಗಿ. ಕಡಲ ಪಕ್ಕದಲ್ಲೇ ಕಟ್ಟಿದ ಉಪ್ಪುನೀರಿನ ದೊಡ್ಡ ಕೊಳ ಅದು, ಪುಕ್ಕಟೆ. ಒಂದು ಮಾಸ್ಕ್, ಒಂದು ನಳಿಗೆ ಕೊಂಡುಕೊಂಡು ಅಮ್ಮನಿಗೆ ಅಲ್ಲಿ ಅಭ್ಯಾಸ ಮಾಡಿಸಿ. ಕಲಿಯಬೇಕಾದದ್ದು ಈಜಲ್ಲ, ಬಾಯಿಂದ ಉಸಿರಾಡುವುದು. ಮಾಸ್ಕ್ ಮೂಗನ್ನು ಮುಚ್ಚಿಬಿಡುತ್ತದೆ. ನನ್ನ ಅಮ್ಮನಿಗೆ ದಿನಾ ಪ್ರಾಣಾಯಾಮ ಮಾಡಿ ಅಭ್ಯಾಸ, ಮೂಗು ಕಟ್ಟಿದ ಕೂಡಲೇ ಗಾಬರಿ. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಬಗ್ಗಿ, ನನ್ನ ಕೈ ಹಿಡಿದು ಹತ್ತು ಎಣಿಸುವವರೆಗೆ, ಆಮೇಲೆ ಮೂವತ್ತು. ಅರ್ಧ ಗಂಟೆಯಲ್ಲಿ ಕೈ ಬಿಟ್ಟಳು. ಅಪ್ಪನಿಗೆ ಮೀಸೆ ಇದ್ದರೆ ಮಾಸ್ಕ್‌ನೊಳಗೆ ನೀರು ಸೋರುತ್ತದೆ, ಮೂಗಿನ ಬುಡದಲ್ಲಿ ಒಂದೆಳೆ ಕತ್ತರಿಸಿಕೊಂಡರೆ ಸರಿಹೋಗುತ್ತದೆ. ಕನ್ನಡಕ ಹಾಕುವವರಿಗೆ ಪವರ್ ಇರುವ ಮಾಸ್ಕ್ ಕೆಲವು ದೋಣಿಗಳಲ್ಲಿ ಸಿಗುತ್ತದೆ, ಬುಕ್ ಮಾಡುವಾಗಲೇ ಕೇಳಿ. ಇದೊಂದನ್ನು ಮರೆತರೆ ಅಷ್ಟು ದೂರ ಹೋಗಿ ಬಣ್ಣದ ಮಬ್ಬು ಮಾತ್ರ ನೋಡಿ ಬರಬೇಕಾಗುತ್ತದೆ.

ಬಟ್ಟೆಯ ಸಂಕೋಚ ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ಅಡ್ಡಿ. ಅದಕ್ಕೆ ಇಲ್ಲಿ ದಾರಿ ಇದೆ. ನವೆಂಬರ್‌ನಿಂದ ಮೇವರೆಗೆ ವಿಷದ ಜೆಲ್ಲಿಫಿಶ್ ಕಾಟ ಇರುವುದರಿಂದ ಕುತ್ತಿಗೆಯಿಂದ ಪಾದದವರೆಗೆ ಮುಚ್ಚುವ ಲೈಕ್ರಾ ಸೂಟನ್ನು ಹೆಚ್ಚು ಕಡಿಮೆ ಎಲ್ಲರೂ ತೊಡುತ್ತಾರೆ. ಜುಲೈನಲ್ಲಿ ಆ ಕಾಟ ಕಡಿಮೆ, ಆದರೂ ಸೂಟ್ ಕೇಳಿ ಪಡೆಯಿರಿ. ಬಿಸಿಲಿಗೂ ಒಳ್ಳೆಯದು. ನೀರು ಆಗ 23 ಡಿಗ್ರಿ ಆಸುಪಾಸು, ಮಗಳಿಗೆ ಚಳಿಯಾಗುತ್ತದೆ, ಅವಳಿಗೆ ವೆಟ್‌ಸೂಟ್ ಬಾಡಿಗೆಗೆ ಹಿಡಿಯಿರಿ. ಊಟ ಬುಫೆ, ಸಿಗಡಿಯ ಪಕ್ಕದಲ್ಲೇ ಸಲಾಡ್ ಇಟ್ಟಿರುತ್ತಾರೆ. ಶುದ್ಧ ಸಸ್ಯಾಹಾರಿಗಳಾದರೆ ಮುಂಚೆಯೇ ತಿಳಿಸಿ, ಚೀಲದಲ್ಲಿ ಒಂದು ಡಬ್ಬಿ ಅವಲಕ್ಕಿಯೂ ಇರಲಿ. ಟಿಕೆಟ್ ಬೆಲೆ ಹೋಲಿಸುವಾಗ ಪರಿಸರ ನಿರ್ವಹಣಾ ಶುಲ್ಕ ಸೇರಿದೆಯೋ ಇಲ್ಲವೋ ನೋಡಿ. ತಲೆಗಿಷ್ಟು ಅಂತ ರೀಫ್ ಪ್ರಾಧಿಕಾರಕ್ಕೆ ಹೋಗುವ ಹಣ ಅದು, ಕೆಲವರು ದೋಣಿ ಹತ್ತಿದ ಮೇಲೆ ಬೇರೆಯಾಗಿ ಕೇಳುತ್ತಾರೆ. ಎರಡು ಕಂಪನಿ ಒಂದೇ ಅನ್ನಿಸಿದರೆ, ಪ್ರಾಧಿಕಾರವು ಉನ್ನತ ಗುಣಮಟ್ಟದ ಸಂಸ್ಥೆ ಅಂತ ಗುರುತಿಸಿರುವ, ಮಾಸ್ಟರ್ ರೀಫ್ ಗೈಡ್ (ವಿಶೇಷ ತರಬೇತಿ ಪಡೆದ ಮಾರ್ಗದರ್ಶಿ) ಇರುವ ದೋಣಿಯನ್ನು ಆರಿಸಿ. ಹೇಳಿಕೊಡುವವರು ಪಕ್ಕದಲ್ಲಿದ್ದರೆ ಕಾಣುವುದು ಹತ್ತು ಪಟ್ಟು.

ಕೊನೆಗೆ ಹವಳ ಸತ್ತಿದೆಯೇ ಅನ್ನುವ ಪ್ರಶ್ನೆ. ಪೆಟ್ಟು ಬಿದ್ದಿರುವುದು ನಿಜ. ಹವಳದ ಒಡಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ, ಅದಕ್ಕೆ ಬೇಕಾದ ಅನ್ನದ ಬಹುಪಾಲು ಬೇಯಿಸಿಕೊಡುವುದು ಅದೇ. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಸಾಯುತ್ತದೆ. 2016, 2017, 2020, 2022, 2024, ಒಂಬತ್ತು ವರ್ಷದೊಳಗೆ ಐದು ಸಲ ಇಂಥ ಸಾಮೂಹಿಕ ಬಿಳಿಚುವಿಕೆ ಆಗಿದೆ. ನನಗೆ ಇದು ಅಂಕಿಯಲ್ಲ. ಒಂದು ಸಲ ನೋಡಿದ ಜಿಂಕೆಕೊಂಬಿನಂಥ ಹವಳದ ತೋಪು ಇನ್ನೊಂದು ಸಲ ಹೋದಾಗ ಮುರಿದ ಕಡ್ಡಿಗಳ ರಾಶಿಯಾಗಿತ್ತು. ಆದರೆ ಅದೇ ದಿಬ್ಬದ ಇನ್ನೊಂದು ಮಗ್ಗುಲಲ್ಲಿ ಅಂಗೈ ಅಗಲದ ಹೊಸ ಹವಳಗಳು ಎದ್ದಿದ್ದವು. 3,000 ದಿಬ್ಬಗಳ ಗತಿ ಒಂದೇ ಆಗಿಲ್ಲ. ಜಾಹೀರಾತಿನ ಕೆಂಪು, ನೇರಳೆ ಬಣ್ಣಗಳನ್ನು ಮಾತ್ರ ನಿರೀಕ್ಷಿಸಬೇಡಿ. ಆರೋಗ್ಯವಾಗಿರುವ ಹವಳದ ಬಣ್ಣ ಬಹಳಷ್ಟು ಕಡೆ ಕಂದು, ಹಸಿರುಗಂದು. ನೀರು ಕೆಂಪು ಬೆಳಕನ್ನು ಮೊದಲು ನುಂಗಿಬಿಡುತ್ತದೆ. ಬಣ್ಣದ ಜಾತ್ರೆ ಮೀನುಗಳದ್ದು.

ಎರಡನೆಯ ಸಲ ಅಮ್ಮನನ್ನು ಪೊಂಟೂನ್‌ಗೇ ಕರೆದುಕೊಂಡು ಹೋದೆ. ಜಾಲರಿ ಕಟ್ಟೆಯ ಮೇಲೆ ಕೂತು, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ನನ್ನ ತೋಳು ಹಿಡಿದು ಮುಖ ಮುಳುಗಿಸಿದಳು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ ನಳಿಗೆ ಕಿತ್ತು, "ಯಾರೋ ಕಲ್ಲುಸಕ್ಕರೆ ಕಡೀತಾ ಇದ್ದಾರೆ ಕಣೋ, ಕೇಳಿಸ್ತಾ ಇದೆ" ಅಂದಳು. ಗಿಳಿಮೀನು! ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲು ಕೆರೆದು ಅದರ ಮೇಲಿನ ಪಾಚಿ ತಿನ್ನುತ್ತದೆ, ಆ ಕಟಕಟ ನೀರಿನಲ್ಲಿ ಚೆನ್ನಾಗಿ ಕೇಳುತ್ತದೆ. ನುಂಗಿದ ಕಲ್ಲು ನುಣ್ಣಗಾಗಿ ಮರಳಾಗಿ ಹೊರಗೆ ಬರುತ್ತದೆ ಅಂತ ಗೈಡ್ ಹೇಳಿದಳು. ಮಾರನೆಯ ದಿನ ಗ್ರೀನ್ ಐಲ್ಯಾಂಡ್‌ನಲ್ಲಿ ಅಮ್ಮ ಒಂದು ಹಿಡಿ ಬಿಳಿ ಮರಳು ಎತ್ತಿಕೊಂಡು, ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದಳು. "ಇದರಲ್ಲಿ ಎಷ್ಟು ಮೀನಿನ ದುಡಿಮೆ ಇದೆಯೋ" ಅಂದು ಅಲ್ಲೇ ಮೆಲ್ಲಗೆ ಸುರಿದಳು.