ಸಾಲದ ಅಸಲಿಗೆ ಬರೆಯಬೇಕಾದ ‘ಪ್ರಿನ್ಸಿಪಲ್’ ಯಾವುದು?

ಪ್ರಶ್ನೆ: ಬೆಳೆಸಾಲದ ವಿಚಾರವಾಗಿ ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಾಗಿದೆ. ಅಸಲು ಎನ್ನುವ ಅರ್ಥದ ‘ಪ್ರಿನ್ಸಿಪಲ್’ ಪದದ ಕೊನೆಗೆ ಎ-ಎಲ್ ಬರೆಯಬೇಕೋ, ಎಲ್-ಇ ಬರೆಯಬೇಕೋ? ಎ-ಎಲ್ ಬರೆದರೆ ಕಾಲೇಜಿನ ಪ್ರಿನ್ಸಿಪಾಲರು ಎಂದಾಗುವುದಿಲ್ಲವೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಎ-ಎಲ್ ಬರೆಯಿರಿ. ಇದೇ ಉತ್ತರವನ್ನು ಹಿಂದೆಯೂ ಹಲವು ಬಾರಿ ಕೊಟ್ಟಿದ್ದೇನೆ. ಪರೀಕ್ಷೆ ಹತ್ತಿರವಾದಾಗ ವಿದ್ಯಾರ್ಥಿಗಳು, ಸಾಲ ನವೀಕರಣದ ಹೊತ್ತಿಗೆ ಬೆಳೆಗಾರರು ಮತ್ತೆ ಇದನ್ನೇ ಕೇಳುತ್ತಾರೆ. ಎ-ಎಲ್ ಎಂದು ಮುಗಿಯುವ ಪದಕ್ಕೆ ಮುಖ್ಯ, ಪ್ರಧಾನ ಎಂಬ ಅರ್ಥ. ಎಲ್-ಇ ಎಂದು ಮುಗಿಯುವ ಪದಕ್ಕೆ ತತ್ತ್ವ, ಮೂಲನಿಯಮ ಎಂಬ ಅರ್ಥ. ಮೊದಲನೆಯದು ನಾಮಪದವೂ ಹೌದು, ವಿಶೇಷಣವೂ ಹೌದು. ಎರಡನೆಯದು ನಾಮಪದ ಮಾತ್ರ.

ಇಷ್ಟು ಸರಳವಾದ ಭೇದ ಮನಸ್ಸಿನಲ್ಲಿ ನಿಲ್ಲದಿರುವುದಕ್ಕೆ ಒಂದೇ ಕಾರಣವಿದೆ. ಎ-ಎಲ್ ಪದವು ಮನುಷ್ಯರಿಗೆ, ಎಲ್-ಇ ಪದವು ಉಳಿದೆಲ್ಲಕ್ಕೂ ಸಲ್ಲುತ್ತದೆ ಎಂಬ ತಪ್ಪು ತಿಳಿವಳಿಕೆಯೇ ಆ ಕಾರಣ. ಪದದ ಕೊನೆಯ ಮೂರು ಅಕ್ಷರಗಳು ‘ಪಾಲ್’, ಪಾಲ್ ಎಂದರೆ ಗೆಳೆಯ, ಪ್ರಿನ್ಸಿಪಾಲರು ನಿಮ್ಮ ಗೆಳೆಯರು ಎಂದು ತರಗತಿಯಲ್ಲಿ ಹೇಳಿಕೊಟ್ಟ ಸೂತ್ರವನ್ನು ಮಕ್ಕಳು ನಿಯಮವೆಂದೇ ನಂಬಿ ಬೆಳೆಯುತ್ತಾರೆ. ಕಾಲೇಜಿನ ಮುಖ್ಯಸ್ಥರ ಕಾಗುಣಿತವನ್ನು ನೆನಪಿಡುವುದಕ್ಕೆ ಈ ಸೂತ್ರ ಸಾಕು, ಅದರಾಚೆಗೆ ಅದು ದಾರಿ ತಪ್ಪಿಸುತ್ತದೆ. ನಮ್ಮ ಸುತ್ತಮುತ್ತಲಿನದನ್ನೇ ಇಂಗ್ಲಿಷಿನಲ್ಲಿ ಹೇಳಿ ನೋಡಿ. ಸಕಲೇಶಪುರದ ಮುಖ್ಯ ಬೆಳೆ ಕಾಫಿ ಎನ್ನುವಾಗ ಬರುವುದು ಎ-ಎಲ್. ಬೇಲೂರಿನ ದೇವಾಲಯದ ಪ್ರಧಾನ ದೇವರು ಚೆನ್ನಕೇಶವ ಎನ್ನುವಾಗಲೂ ಎ-ಎಲ್. ಜಿಲ್ಲೆಯ ಮುಖ್ಯ ನದಿ ಹೇಮಾವತಿ ಎನ್ನುವಾಗಲೂ ಅದೇ. ಬೆಳೆ, ದೇವರು, ನದಿ ಇವುಗಳಲ್ಲಿ ಯಾವುದೂ ಮನುಷ್ಯರಲ್ಲ. ಇತ್ತ ತತ್ತ್ವನಿಷ್ಠ ಮನುಷ್ಯ ಎಂದು ಒಬ್ಬರನ್ನು ಹೊಗಳುವಾಗ, ಮಾತು ಮನುಷ್ಯರದ್ದೇ ಆದರೂ ಬರುವುದು ಎಲ್-ಇ. ಆದ್ದರಿಂದ ಮನುಷ್ಯರೋ ವಸ್ತುವೋ ಎಂಬ ಪ್ರಶ್ನೆಗೆ ಇಲ್ಲಿ ಜಾಗವೇ ಇಲ್ಲ. ಮುಖ್ಯವಾದದ್ದೋ ತತ್ತ್ವವೋ ಎಂದಷ್ಟೇ ಕೇಳಿಕೊಳ್ಳಬೇಕು.

ಈ ತಪ್ಪು ತಿಳಿವಳಿಕೆಯನ್ನು ನಮ್ಮ ಕನ್ನಡದ ಉಚ್ಚಾರವೂ ಪೋಷಿಸುತ್ತಿದೆ. ಇಂಗ್ಲಿಷಿನಲ್ಲಿ ಎರಡೂ ಪದಗಳ ಉಚ್ಚಾರ ಒಂದೇ. ನಾವಾದರೋ ಕಾಲೇಜಿನವರನ್ನು ದೀರ್ಘ ಎಳೆದು ‘ಪ್ರಿನ್ಸಿಪಾಲ್’ ಎನ್ನುತ್ತೇವೆ, ಮಿಕ್ಕ ಕಡೆಯೆಲ್ಲ ‘ಪ್ರಿನ್ಸಿಪಲ್’ ಎನ್ನುತ್ತೇವೆ. ಬ್ಯಾಂಕಿನಲ್ಲಿ ‘ಪ್ರಿನ್ಸಿಪಲ್ ಅಮೌಂಟ್’ ಎಂದು ಕಿವಿಗೆ ಬಿದ್ದಾಗ, ದೀರ್ಘವಿಲ್ಲವಲ್ಲ, ಇದು ಆ ಇನ್ನೊಂದು ಪದವಿರಬೇಕೆಂದು ಕೈ ತಾನಾಗಿ ಎಲ್-ಇ ಬರೆಯುತ್ತದೆ. ಆಗ ಅದರ ಅರ್ಥ ‘ತತ್ತ್ವದ ಮೊತ್ತ’ ಎಂದಾಗುತ್ತದೆ, ಅಂಥದ್ದೊಂದು ಯಾವ ಸಾಲದ ಲೆಕ್ಕದಲ್ಲಿಯೂ ಇರುವುದಿಲ್ಲ.

ಸಾಲದ ಅಸಲಿಗೆ ಈ ಹೆಸರು ಬಂದದ್ದು ಹೇಗೆಂದು ತಿಳಿದರೆ ಸಂದೇಹ ಪೂರ್ತಿ ನಿವಾರಣೆಯಾದೀತು. ಸಾಲದಲ್ಲಿ ಮುಖ್ಯ ಮೊತ್ತವೊಂದು, ಅದರ ಮೇಲೆ ಬೆಳೆಯುವ ಬಡ್ಡಿಯೊಂದು. ‘ಮುಖ್ಯ ಮೊತ್ತ’ ಎಂಬಲ್ಲಿನ ವಿಶೇಷಣವೇ ಕಾಲಕ್ರಮದಲ್ಲಿ ಒಂಟಿಯಾಗಿ ನಿಂತು ನಾಮಪದವಾಯಿತು. ಕಾಲೇಜಿನ ಮುಖ್ಯಸ್ಥರಿಗೆ ಆ ಹೆಸರು ಬಂದದ್ದೂ ‘ಮುಖ್ಯ’ ಎಂಬ ಇದೇ ಅರ್ಥದಿಂದ. ಕಾನೂನಿನಲ್ಲಿ ಇದರ ಮತ್ತೊಂದು ಬಳಕೆಯಿದೆ. ಬೆಂಗಳೂರಿನಲ್ಲಿ ನೆಲೆಸಿದ ಅಣ್ಣ ಮೂಡಿಗೆರೆಯ ತೋಟದ ವ್ಯವಹಾರಕ್ಕಾಗಿ ತಮ್ಮನಿಗೆ ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆದುಕೊಟ್ಟರೆ, ತಮ್ಮ ಏಜೆಂಟ್, ಅಣ್ಣ ‘ಪ್ರಿನ್ಸಿಪಲ್’. 1872ರ ಭಾರತೀಯ ಒಪ್ಪಂದ ಅಧಿನಿಯಮದ 182ನೇ ಕಲಮು ಈ ಎರಡೂ ಪದಗಳನ್ನು ವ್ಯಾಖ್ಯಾನಿಸುತ್ತದೆ. ಅಲ್ಲಿಯೂ ಎ-ಎಲ್, ಏಕೆಂದರೆ ವ್ಯವಹಾರದ ಮುಖ್ಯ ವ್ಯಕ್ತಿ ಅಣ್ಣನೇ.

ಎಲ್-ಇ ಪದದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆರ್ಕಿಮಿಡೀಸನ ತತ್ತ್ವ, ಸಂವಿಧಾನದ 4ನೇ ಭಾಗದಲ್ಲಿ 36ರಿಂದ 51ರವರೆಗಿನ ವಿಧಿಗಳಲ್ಲಿ ಬರುವ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳು, ಇಂಥ ಕಡೆಗಳಲ್ಲೆಲ್ಲ ಅದೇ. ಎರಡೂ ಪದಗಳ ಬೇರು ‘ಮೊದಲನೆಯವನು, ಮುಖ್ಯಸ್ಥ’ ಎಂಬ ಅರ್ಥದ ಒಂದೇ ಲ್ಯಾಟಿನ್ ಪದದಲ್ಲಿದೆ. ರಾಜಕುಮಾರ ಎಂಬ ಅರ್ಥದ ‘ಪ್ರಿನ್ಸ್’ ಸಹ ಅದರಿಂದಲೇ ಬಂದದ್ದು, ಆದ್ದರಿಂದ ಇವು ಹೋಲುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಯಾರೂ ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ, ಏಕೆಂದರೆ ಕಾಗುಣಿತದ ತಪ್ಪಿಗಿಂತ ಇದು ಹೆಚ್ಚು ತೊಂದರೆ ಕೊಡುತ್ತದೆ. ಸಭೆಯ ನಡವಳಿಗಳನ್ನು ಇಂಗ್ಲಿಷಿನಲ್ಲಿ ಬರೆಯುವವರು ‘ತಾತ್ವಿಕ ಒಪ್ಪಿಗೆ’ ಎನ್ನುವಲ್ಲಿ ‘ಪ್ರಿನ್ಸಿಪಲಿ’ ಎಂಬ ಪದ ಹಾಕುತ್ತಾರೆ. ಆ ಪದ ಹುಟ್ಟಿದ್ದು ಎ-ಎಲ್ ರೂಪದಿಂದ, ಅದರ ಅರ್ಥ ‘ಮುಖ್ಯವಾಗಿ, ಬಹುಪಾಲು’. ಹಾಗೆ ಬರೆದರೆ ಪ್ರಸ್ತಾವದ ಬಹುಪಾಲಿಗೆ ಒಪ್ಪಿಗೆ ಸಿಕ್ಕೇಬಿಟ್ಟಿತೆಂದು ಓದುವವರು ತಿಳಿಯಬಹುದು. ತಾತ್ವಿಕ ಒಪ್ಪಿಗೆಯೆಂದರೆ ಆಲೋಚನೆಗೆ ಸಮ್ಮತಿಯಿದೆ, ವಿವರಗಳು ಇನ್ನೂ ತೀರ್ಮಾನವಾಗಬೇಕಿವೆ ಎಂದಷ್ಟೇ. ಮನೆಸಾಲಕ್ಕೆ ಬ್ಯಾಂಕು ಮೊದಲು ಕೊಡುವ ಮಂಜೂರಾತಿ ಪತ್ರವೂ ಸಾಮಾನ್ಯವಾಗಿ ಇದೇ ಬಗೆಯದು. ಅದನ್ನು ನಂಬಿ ಮೇಸ್ತ್ರಿಗೆ ಮುಂಗಡ ಕೊಡುವ ಮುನ್ನ ದಾಖಲೆಗಳ ಪರಿಶೀಲನೆ ಮುಗಿದಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ‘ತಾತ್ವಿಕವಾಗಿ’ ಎಂಬ ಅರ್ಥಕ್ಕೆ ‘ಇನ್ ಪ್ರಿನ್ಸಿಪಲ್’ ಎಂದು ಎರಡು ಪದಗಳಾಗಿ, ಕೊನೆಗೆ ಎಲ್-ಇ ಇಟ್ಟು ಬರೆಯಿರಿ.